ಸ್ವಯಂನಿವೃತ್ತಿಗೆ ಹೊರಟಿರುವ ದೂರದರ್ಶನ ಯಂತ್ರಕ್ಕೆ ಬಹಿರಂಗ ಪತ್ರ

ಹಲಸೂರು, ಬೆಂಗಳೂರು

ನಡುಮನೆಯ ಗೋಡೆಯನ್ನು ಅಲಂಕರಿಸಿ, ಮನೆಮಂದಿಯೆಲ್ಲರ ದೃಷ್ಟಿಗೆ ಏಕೈಕ ಗುರಿಯಾಗಿ ವಿರಾಜಿಸುತ್ತಿರುವ ದೂರದರ್ಶನ ಮಹಾಶಯರ ಸನ್ನಿಧಿಗೆ, ತಮ್ಮ ಕಂತುಗಳನ್ನೆಲ್ಲ ತೀರಿಸಿಯೂ ಯಜಮಾನನೆಂಬ ಹೆಸರನ್ನು ಮಾತ್ರ ಉಳಿಸಿಕೊಂಡಿರುವ ಗೃಹಸ್ಥನ ವಿಜ್ಞಾಪನೆ.

ಧಾರಾವಾಹಿಯ ಸೊಸೆಯು ಅತ್ತೆಯ ಕಪಟವನ್ನು ಬಯಲಿಗೆಳೆಯಲೆಂದು ಬಾಯಿ ತೆರೆಯುವ ಕ್ಷಣದಲ್ಲಿಯೂ, ಕೊನೆಯ ಓವರಿನ ಕೊನೆಯ ಚೆಂಡು ಬೌಲರನ ಕೈಯಿಂದ ಹೊರಟು ಇನ್ನೂ ನೆಲ ಮುಟ್ಟದಿರುವಾಗಲೂ, ತಾವು ಯಾವ ಮುನ್ಸೂಚನೆಯನ್ನೂ ಕೊಡದೆ ಕಣ್ಣು ಮುಚ್ಚಿ, ಕೆಳಮೂಲೆಯಲ್ಲಿ ಕೆಂಪು ದೀಪವೊಂದನ್ನು ಮಿಣುಕಿಸುತ್ತ ಮೌನವ್ರತವನ್ನು ಕೈಗೊಳ್ಳುವುದೂ, ಸ್ವಲ್ಪ ಹೊತ್ತು ವಿಶ್ರಮಿಸಿದ ಮೇಲೆ ಏನೂ ನಡೆದೇ ಇಲ್ಲವೆಂಬಂತೆ ಮರಳಿ ಬೆಳಗುವುದೂ ಈ ಮನೆಯ ನಿತ್ಯವಿಧಿಯಾಗಿಬಿಟ್ಟಿದೆ. 1981ರ ನವೆಂಬರ್ 1ರಂದು ದೂರದರ್ಶನದ ಬೆಂಗಳೂರು ಕೇಂದ್ರವು ಪ್ರಸಾರವನ್ನು ಆರಂಭಿಸಿದ ಕಾಲದಲ್ಲಿಯೂ ತಡೆಗಳು ಇರದೆ ಇರಲಿಲ್ಲ. ಆದರೆ ಅಂದಿನ ತಡೆಗೆ ಒಂದು ಮರ್ಯಾದೆಯಿತ್ತು. ‘ರುಕಾವಟ್ ಕೇ ಲಿಯೇ ಖೇದ್ ಹೈ’ ಎಂಬ ಫಲಕವು ತೆರೆಯ ಮೇಲೆ ಮೂಡಿ, ಹಿಂದಿಯ ಗಂಧವಿಲ್ಲದ ನಮ್ಮಜ್ಜಿಯಂಥವರಿಗೂ ದಿಲ್ಲಿಯವರು ಯಾವುದೋ ವಿಷಯಕ್ಕೆ ಬಹಳವಾಗಿ ನೊಂದುಕೊಂಡಿದ್ದಾರೆಂಬುದನ್ನು ಮನದಟ್ಟು ಮಾಡಿಸುತ್ತಿತ್ತು. ತಮಗೆ ಆ ಖೇದವೂ ಇಲ್ಲ.

ಊರಿನ ಈ ಪೂರ್ವಭಾಗದವರಿಗೆ ಸ್ವಯಂನಿವೃತ್ತಿಯು ಅಪರಿಚಿತವಾದುದಲ್ಲವೆಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. 1948ರಲ್ಲಿ ಕೃಷ್ಣರಾಜಪುರದ ಮಗ್ಗುಲಲ್ಲಿ ಸ್ಥಾಪಿತವಾಗಿ, ದೂರವಾಣಿನಗರವೆಂಬ ಊರಿಗೇ ಜನ್ಮವಿತ್ತ ಐ.ಟಿ.ಐ. ಕಾರ್ಖಾನೆಯಲ್ಲಿ ಟೆಲಿಫೋನುಗಳನ್ನು ಬೆಸೆದವರೂ, ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್.ನಲ್ಲಿ ಟ್ರಾನ್ಸ್‌ಫಾರ್ಮರುಗಳಿಗೆ ತಂತಿ ಸುತ್ತಿದವರೂ ನಮ್ಮ ಓಣಿಯಲ್ಲಿಯೇ ವಾಸವಾಗಿದ್ದರು. ಬೆಳಗ್ಗೆ ಶಿಫ್ಟಿನ ಬಸ್ಸು ಬಂದಾಗಲೇ ನಮಗೆ ಗಂಟೆ ಎಷ್ಟೆಂಬುದು ತಿಳಿಯುತ್ತಿತ್ತು. 1956ರಲ್ಲಿ ತೆರೆದ ಎನ್.ಜಿ.ಇ.ಎಫ್. 2002ರಲ್ಲಿ ಬಾಗಿಲು ಮುಚ್ಚಿತು. ವಿ.ಆರ್.ಎಸ್. ಎಂಬ ಮೂರಕ್ಷರವನ್ನು ಉಚ್ಚರಿಸಿ ಕಾರ್ಖಾನೆಗಳಿಂದ ಹೊರಬಂದವರು ಅರ್ಜಿ ಬರೆದರು, ನೋಟೀಸಿನ ಅವಧಿಯನ್ನು ಪೂರೈಸಿದರು, ಗ್ರಾಚ್ಯುಟಿಯ ಲೆಕ್ಕಕ್ಕಾಗಿ ವರ್ಷಗಟ್ಟಲೆ ಅಲೆದರು. ತಾವೋ, ವಾರಂಟಿಯ ಅವಧಿಯು ಮುಗಿದ ಮಾಸವನ್ನು ಯಾವ ಜ್ಯೋತಿಷಿಗೂ ಸಾಧ್ಯವಾಗದಷ್ಟು ನಿಖರವಾಗಿ ಗುಣಿಸಿ, ಆ ಶುಭಮುಹೂರ್ತದಲ್ಲಿಯೇ ನಿವೃತ್ತಿಯ ಪ್ರಯೋಗವನ್ನು ಆರಂಭಿಸಿದಿರಿ.

ತಮ್ಮ ವ್ಯಾಧಿಯ ನಿದಾನಕ್ಕಾಗಿ ನೆರೆದ ವೈದ್ಯಮಂಡಲಿಯನ್ನು ತಾವೇ ಕಂಡಿದ್ದೀರಿ. ವೋಲ್ಟೇಜಿನ ಏರಿಳಿತವೇ ಇದಕ್ಕೆ ಕಾರಣವೆಂದು ಮಹಡಿಯ ಮೇಲಿನವರು ಸಾರಿ, ತಮ್ಮ ಅಟ್ಟದಲ್ಲಿ ತುಕ್ಕು ಹಿಡಿಯುತ್ತಿದ್ದ ಸ್ಟೆಬಿಲೈಜರನ್ನು ಅಗ್ಗದ ಬೆಲೆಗೆ ನನಗೆ ದಯಪಾಲಿಸಲು ಮುಂದಾದರು. ತಮ್ಮ ಬೆನ್ನಿನ ಚೀಟಿಯಲ್ಲಿ 100ರಿಂದ 240 ವೋಲ್ಟಿನವರೆಗೆ ಎಂದು ಅಚ್ಚಾಗಿರುವುದನ್ನೂ, ಅಂದರೆ ಜಪಾನಿನ 100ಕ್ಕೂ ನಮ್ಮ 230ಕ್ಕೂ ತಾವು ಸಮಾನವಾಗಿ ಒಗ್ಗಬಲ್ಲಿರೆಂಬುದನ್ನೂ ನಾನು ಓದಿ ಹೇಳಿದ್ದು ಅವರಿಗೆ ರುಚಿಸಲಿಲ್ಲ. ಸೋಮೇಶ್ವರನ ಗುಡಿಯ ದಿಕ್ಕಿಗೆ ತಾವು ಬೆನ್ನು ತಿರುಗಿಸಿ ಕುಳಿತಿರುವುದನ್ನು ಬಲ್ಲವರೊಬ್ಬರು ಎತ್ತಿ ತೋರಿಸಿದರು. ಕೃಷ್ಣರಾಜಪುರದಾಚೆಯ ಗಾಜಿನ ಕಟ್ಟಡವೊಂದರಲ್ಲಿ ಗಣಕಯಂತ್ರಗಳ ಸಹವಾಸದಲ್ಲಿ ಜೀವಿಸುವ ನನ್ನ ಸುಪುತ್ರನು, ದೂರದಿಂದಲೇ, ‘ಅಪ್‌ಡೇಟ್ ಮಾಡಿ’ ಎಂದನು. ಸಹಾಯವಾಣಿಯ ಮಧುರಕಂಠವು ಪ್ಲಗ್ಗನ್ನು ಕಿತ್ತು, ಸ್ವಲ್ಪ ಕಾದು, ಮರಳಿ ಚುಚ್ಚಬೇಕೆಂದು ಉಪದೇಶಿಸಿತು. ಈ ಲೋಕದ ಸಕಲ ವ್ಯಾಧಿಗಳಿಗೂ ಅದೊಂದೇ ಮದ್ದಿರಬೇಕೆಂದು ನನಗೆ ಈಚೆಗೆ ತೋರಹತ್ತಿದೆ.

ತಮ್ಮ ಮೆನುವಿನ ಪಾತಾಳಕ್ಕೆ ಇಳಿದು ನೋಡಿದಾಗ ಸ್ಲೀಪ್ ಟೈಮರ್ ನಿದ್ರಿಸುತ್ತಲೇ ಇತ್ತು, ಅದರ ತಪ್ಪಲ್ಲ. ಅಲ್ಲಿಯೇ ಇನ್ನೊಂದು ಶಾಸನವು ಕಣ್ಣಿಗೆ ಬಿದ್ದಿತು. ನಾಲ್ಕು ಗಂಟೆಗಳ ಕಾಲ ಯಾರೊಬ್ಬರೂ ರಿಮೋಟನ್ನು ಒತ್ತದಿದ್ದರೆ ಯಂತ್ರವು ತಾನಾಗಿ ಆರತಕ್ಕದ್ದೆಂದು ಐರೋಪ್ಯ ಒಕ್ಕೂಟದವರು ವಿದ್ಯುತ್ತಿನ ಮಿತವ್ಯಯಕ್ಕಾಗಿ 2009ರಲ್ಲಿ ನಿಯಮವೊಂದನ್ನು ವಿಧಿಸಿದ್ದರು; ಅದಕ್ಕೆ ಒಪ್ಪುವಂತೆ ನಿರ್ಮಿತವಾದ ತಮ್ಮ ಕುಲಬಾಂಧವರು ಹಡಗನ್ನೇರಿ ಲೋಕವನ್ನೆಲ್ಲ ವ್ಯಾಪಿಸಿದಾಗ, ಆ ನಿಯಮದ ಆಚಾರವೂ ಅವರೊಡನೆ ಬಂದು ನೆಲಸಿತೆಂದು ನನ್ನ ಊಹೆ. ನಮ್ಮ ಹಲಸೂರನ್ನೊಳಗೊಂಡ ದಂಡಿನ ಪ್ರದೇಶವು 1809ರಿಂದ 1947ರವರೆಗೆ ಪರದೇಶದವರ ಕಾಯಿದೆಯನ್ನು ಅನುಭವಿಸಿದ್ದು ಸಾಲದೆ, ನನ್ನ ತಾಯಿಯವರು ಎಷ್ಟು ಹೊತ್ತು ಟೀವಿಯ ಮುಂದೆ ಕುಳಿತಿರಬಹುದೆಂಬುದನ್ನು ಈಗ ಬ್ರಸೆಲ್ಸಿನವರು ನಿರ್ಣಯಿಸುವಂತಾಯಿತು. ಆದರೆ ನ್ಯಾಯವನ್ನೇ ನುಡಿಯಬೇಕಾದರೆ, ಆ ನಿಯಮದಂತೆ ಆರುವ ಮುನ್ನ ಎಚ್ಚರಿಕೆಯ ವಾಕ್ಯವೊಂದು ಮೂಡಬೇಕು. ತಾವು ಅದನ್ನೂ ಪಾಲಿಸಿದವರಲ್ಲ.

ಇನ್ನು ಸೆಟ್‌ಟಾಪ್ ಬಾಕ್ಸಿನೊಡನೆ ತಮಗಿರುವ ದಾಂಪತ್ಯದ ವಿಷಯ. ಎಚ್‌ಡಿಎಂಐ ತಂತಿಯೆಂಬ ಮಾಂಗಲ್ಯಸೂತ್ರದಿಂದ ಬದ್ಧರಾದ ಇಬ್ಬರಲ್ಲಿ ಒಬ್ಬರು ಆರಿದೊಡನೆ ಮತ್ತೊಬ್ಬರಿಗೂ ಆರುವ ಆಜ್ಞೆ ಹರಿಯುವ ಏರ್ಪಾಡೊಂದಿದೆಯಂತೆ. 1829ರಲ್ಲಿ ಬೆಂಟಿಂಕನು ನಿಷೇಧಿಸಿದ ಸಹಗಮನವನ್ನು ಈ ಯಂತ್ರಶಿಲ್ಪಿಗಳು ಯಾರ ಅಪ್ಪಣೆಯನ್ನು ಪಡೆದು ಮರಳಿ ಜಾರಿಗೆ ತಂದರೋ ಕಾಣೆ. ಆ ಏರ್ಪಾಡನ್ನೂ ತೆಗೆಸಿಹಾಕಿದೆ. ತಾವು ಒಂಟಿಯಾಗಿಯೂ ಆರಿದಿರಿ.

ಕಟ್ಟಕಡೆಗೆ ಕಂಪನಿಯ ತಜ್ಞನು ಬಂದನು. ತಮ್ಮ ನಾಡಿಯನ್ನೂ ಮುಟ್ಟದೆ, ಬೆನ್ನಿನ ತಿರುಪೊಂದನ್ನೂ ಬಿಚ್ಚದೆ, ಕೆಂಪು ದೀಪವು ಮಿಟುಕುವುದನ್ನು ಕ್ಷಣಕಾಲ ನಿರೀಕ್ಷಿಸಿ, “ಬೋರ್ಡ್ ಹೋಗಿದೆ ಸಾರ್, ರಿಪೇರಿ ಬರಲ್ಲ. ಅದಕ್ಕೆ ಹಾಕೋ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸದೇ ತಗೊಂಡುಬಿಡಿ” ಎಂದು ಮರಣಪತ್ರವನ್ನು ಬರೆದುಕೊಟ್ಟು, ಜೊತೆಗೆ ಹೊಸ ಯಂತ್ರಗಳ ದರಪಟ್ಟಿಯೊಂದನ್ನು ಮೇಜಿನ ಮೇಲಿರಿಸಿ, ಬಂದು ಹೋದದ್ದಕ್ಕೆ ಪ್ರತ್ಯೇಕವಾಗಿ ಹಣವನ್ನು ಎಣಿಸಿಕೊಂಡನು. ರಿಪೇರಿಯು ಪ್ರಜೆಯ ಹಕ್ಕೆಂದು ಸಾರುವುದಕ್ಕಾಗಿಯೇ ಕೇಂದ್ರ ಸರ್ಕಾರವು 2022ರ ಡಿಸೆಂಬರಿನಲ್ಲಿ ಅಂತರ್ಜಾಲದಲ್ಲಿ ತಾಣವೊಂದನ್ನು ತೆರೆದಿರುವ ಸಂಗತಿಯನ್ನು ನಾನು ಅರುಹಲಾಗಿ, ಆತನು ನನ್ನನ್ನು ಅತ್ಯಂತ ಕರುಣೆಯಿಂದ ನೋಡಿದನು. ಇಂದಿರಾನಗರದ ನನ್ನ ಭಾವಮೈದುನನಂತೂ, ಟೀವಿಯನ್ನು ರಿಪೇರಿ ಮಾಡಿಸುವ ಮಾತನ್ನು ನೆರೆಹೊರೆಯವರ ಕಿವಿಗೆ ಬೀಳುವಂತೆ ಆಡಬಾರದೆಂದು ತಗ್ಗಿದ ದನಿಯಲ್ಲಿ ಬೇಡಿಕೊಂಡನು.

ಹೀಗಿರಲಾಗಿ, ತಮ್ಮನ್ನು ಹಳೆಯ ಜಮಖಾನದಲ್ಲಿ ಸುತ್ತಿ, ಆಟೋದಲ್ಲಿ ಮಡಿಲ ಮೇಲಿರಿಸಿಕೊಂಡು ಶಿವಾಜಿನಗರಕ್ಕೆ ಕರೆದೊಯ್ದದ್ದನ್ನು ತಾವು ಅವಮಾನವೆಂದು ಎಣಿಸಿರುವಿರಾದರೆ ಕ್ಷಮೆಯಿರಲಿ. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಹಿಂಬದಿಯ ಸಂದುಗಳಲ್ಲಿ, ಗುಜರಿಯ ರಾಶಿಗಳ ನಡುವೆ, ಮೂರು ಜನ ನಿಂತರೆ ನಾಲ್ಕನೆಯವನಿಗೆ ಜಾಗವಿಲ್ಲದಂಥ ಅಂಗಡಿಯಲ್ಲಿ ಕುಳಿತಿದ್ದ ಆ ವೃದ್ಧನು ತಮ್ಮನ್ನು ಮಕಾಡೆ ಮಲಗಿಸಿ, ಬೆನ್ನಿನ ಕವಚವನ್ನು ಕಳಚಿದನು. ಅನಂತರ ತಮಗೆ ವಿದ್ಯುತ್ತನ್ನು ಉಣ್ಣಿಸಿ, ತಿರುಪುಳಿಯ ಮರದ ಹಿಡಿಯಿಂದ ಹಲಗೆಯ ಮೇಲೆ ಅಲ್ಲಲ್ಲಿ ಮೆಲ್ಲನೆ ತಟ್ಟುತ್ತ ಹೋದನು. ಒಂದೆಡೆ ತಟ್ಟಿದೊಡನೆ ತಾವು ಆರಿದಿರಿ. ಭೂತಗನ್ನಡಿಯನ್ನು ನನ್ನ ಕೈಗಿತ್ತು ಆತನು ತೋರಿಸಿದ ಜಾಗದಲ್ಲಿ, ಟ್ರಾನ್ಸ್‌ಫಾರ್ಮರಿನ ಕಾಲೊಂದರ ಸುತ್ತ, ಬೆಸುಗೆಯಲ್ಲಿ ಕೂದಲೆಳೆಯಷ್ಟು ತೆಳ್ಳನೆಯ ಕಪ್ಪು ಉಂಗುರವೊಂದು ಬಿರಿದಿದ್ದಿತು. “ಡ್ರೈ ಸೋಲ್ಡರ್ ಸಾಮಿ. ಬಿಸಿ ಆದ್ರೆ ಬಿಡ್ತದೆ, ತಣ್ಣಗಾದ್ರೆ ಹಿಡೀತದೆ. ಬೋರ್ಡಿಗೆ ಏನೂ ಆಗಿಲ್ಲ.” ಪಕ್ಕದಲ್ಲಿಯೇ 1000 ಮೈಕ್ರೋಫ್ಯಾರಡಿನ ಪುಟ್ಟ ಕೆಪಾಸಿಟರ್ ಒಂದು, ಚಪ್ಪಟೆಯಾಗಿರಬೇಕಾದ ತನ್ನ ನೆತ್ತಿಯನ್ನು ಗುಮ್ಮಟದಂತೆ ಉಬ್ಬಿಸಿಕೊಂಡಿದ್ದಿತು, ಒಳಗಿನ ದ್ರವವು ಆವಿಯಾಗಿ ಒತ್ತುವುದರ ಗುರುತದು. ಹತ್ತು ಡಿಗ್ರಿ ಶಾಖ ಹೆಚ್ಚಿದರೆ ಇಂಥದ್ದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆಂಬುದು ಈ ಕಸುಬಿನವರ ಹಳೆಯ ಲೆಕ್ಕ.

ಹಿಂದೆ ಡಬ್ಬಿ ಟೀವಿಯ ಚಿತ್ರವು ಮಾಯವಾದಾಗ ಅದರ ನೆತ್ತಿಗೆ ಅಂಗೈಯಿಂದ ಒಂದು ಏಟನ್ನು ಕೊಡುತ್ತಿದ್ದ ನಮ್ಮ ತಂದೆಯವರ ಶಾಸ್ತ್ರಜ್ಞಾನದ ಆಳವು ನನಗೆ ಆಗ ಗೋಚರಿಸಿತು: ಬಿಟ್ಟ ಬೆಸುಗೆಯು ಏಟಿನ ಅದುರಿಗೆ ಮರಳಿ ಕೂಡಿಕೊಳ್ಳುತ್ತಿದ್ದಿತು. ತಮ್ಮ ಪೀಳಿಗೆಯವರಿಗೋ ಏಟು ತಿನ್ನುವುದಕ್ಕೆ ನೆತ್ತಿಯೇ ಇಲ್ಲ. ವೃದ್ಧನ ಕಾವಿನ ಕಡ್ಡಿಯು ಸೋಕಿತು, ಎಳೆಯ ಹೊಗೆಯೆದ್ದಿತು, ಮರಣಪತ್ರವು ರದ್ದಾಯಿತು. ಆತನು ಕೇಳಿದ ಹಣವು ತಜ್ಞನು ಬಂದು ಹೋದದ್ದಕ್ಕೆ ತೆಗೆದುಕೊಂಡುದಕ್ಕಿಂತ ಕಡಿಮೆ.

ತಮ್ಮ ಸುತ್ತ ಮೂರು ಕಡೆಯೂ ಮರದ ಹಲಗೆಯನ್ನು ಹೊಡೆಸಿ, ಉಸಿರಾಡುವ ರಂಧ್ರಗಳನ್ನೆಲ್ಲ ಮುಚ್ಚಿ ಒಳಗಿನ ಶಾಖವನ್ನು ಹೆಚ್ಚಿಸಿದ ಆ ಗೃಹಾಲಂಕಾರದ ಯೋಜನೆಯು ಭಾವಮೈದುನನದೇ ಆಗಿದ್ದುದರಿಂದ, ಅದನ್ನು ಕೀಳಿಸುವ ಕೂಲಿಯನ್ನು ಆತನಿಂದಲೇ ವಸೂಲು ಮಾಡುವ ಸಂಬಂಧದಲ್ಲಿ ಮಾತುಕತೆಯು ನಡೆದಿದೆ. ತಮ್ಮ ಕಡೆಯಿಂದ ನಾನು ಬಯಸುವುದು ವಿಶೇಷವಾದುದೇನೂ ಅಲ್ಲ. ನಿವೃತ್ತಿಯ ಆಲೋಚನೆಯು ಮರಳಿ ಬಂದಲ್ಲಿ, ಜಾಹೀರಾತಿನ ಹೊತ್ತನ್ನು ನೋಡಿ ಆರುವ ಕೃಪೆ ಮಾಡಬೇಕು. ಕಂಪನಿಯ ತಜ್ಞನು ಬಿಟ್ಟುಹೋದ ಹೊಸ ಯಂತ್ರಗಳ ದರಪಟ್ಟಿಯನ್ನು ತಮ್ಮ ಎದುರಿನ ಗೋಡೆಗೆ, ತಮಗೆ ಚೆನ್ನಾಗಿ ಕಾಣುವಂತೆ, ಅಂಟಿಸಲಾಗಿದೆ.

ಇಂತು ತಮ್ಮ ವಿಧೇಯ,
ಹಲಸೂರಿನ ಗೃಹಸ್ಥ