ಹಳೇ ಬಾಕಿಯ ವಸೂಲಿಗಾರ

ಹಳೇ ಬಾಕಿಯ ವಸೂಲಿಗಾರನೆಂದರೆ ತಾನು ಕೊಡದ ಸಾಲವನ್ನು, ಕೊಟ್ಟವರೇ ಕೈಬಿಟ್ಟ ಮೇಲೆ, ಪಡೆದೆನೆಂದು ಒಪ್ಪದವರಿಂದ ಕೇಳುವವನು. ಹೊಸ ಸಾಲದ ವಸೂಲಿಗಾರ ಬೇರೆ, ಇವನು ಬೇರೆ. ಹೊಸ ಸಾಲದವನ ಹಿಂದೆ ಕರಾರು ಪತ್ರ, ಕಂತಿನ ತಾರೀಖು, ಜಾಮೀನುದಾರನ ಸಹಿ ಎಲ್ಲ ಇರುತ್ತವೆ. ಹಳೇ ಬಾಕಿಯವನ ಮುಂದೆ ಇರುವುದು ಒಂದು ಎಕ್ಸೆಲ್ ಹಾಳೆ: ಹೆಸರು, ಫೋನ್ ನಂಬರು, ಮೊತ್ತ. ಈ ಮೂರರಲ್ಲಿ ಖಚಿತವಾದದ್ದು ಫೋನ್ ನಂಬರು ಮಾತ್ರ. ಕೆಲವೊಮ್ಮೆ ಅದೂ ಈಗ ಬೇರೆ ಯಾರದೋ ಆಗಿರುತ್ತದೆ. ಉಳಿದ ಕೊರತೆಯನ್ನೆಲ್ಲ ಅವನು ದನಿಯಿಂದಲೇ ತುಂಬಬೇಕು.

ಈ ಕಸುಬಿಗೆ ದೊಡ್ಡ ಪರಂಪರೆಯೇ ಇದೆ. ಮನುಸ್ಮೃತಿಯ ಎಂಟನೆಯ ಅಧ್ಯಾಯ ಸಾಲ ವಸೂಲಿಗೆ ಐದು ದಾರಿ ಹೇಳುತ್ತದೆ: ಧರ್ಮ, ವ್ಯವಹಾರ, ಛಲ, ಆಚರಿತ, ಬಲ. ಅಂದರೆ ಒಳ್ಳೆಯ ಮಾತು, ವ್ಯಾಜ್ಯ, ಉಪಾಯ, ರೂಢಿಯ ಒತ್ತಾಯ, ಕೊನೆಗೆ ತೋಳ್ಬಲ. 13ನೇ ಶತಮಾನದ ಕೊನೆಗೆ ಕೋರಮಂಡಲ ತೀರಕ್ಕೆ ಬಂದ ಮಾರ್ಕೊ ಪೋಲೊ ಇನ್ನೊಂದು ಕ್ರಮವನ್ನು ದಾಖಲಿಸಿದ್ದಾನೆ. ಸಾಲ ಕೊಟ್ಟವನು ಸಾಲಗಾರನ ಸುತ್ತ ನೆಲದ ಮೇಲೆ ಗೆರೆ ಎಳೆದುಬಿಟ್ಟರೆ, ಹಣವನ್ನೋ ಭರವಸೆಯನ್ನೋ ಕೊಡದೆ ಅವನು ಗೆರೆ ದಾಟುವಂತಿರಲಿಲ್ಲ. ಅಲ್ಲಿನ ರಾಜನೇ ಒಮ್ಮೆ ಹೀಗೆ ಸಿಕ್ಕಿಬಿದ್ದಿದ್ದನಂತೆ. ಸಾಲಗಾರನ ಬಾಗಿಲಲ್ಲಿ ಉಪವಾಸ ಕೂತು ಧರಣಿ ಹೂಡುವವರೂ ಇದ್ದರು. 1860ರ ಭಾರತೀಯ ದಂಡ ಸಂಹಿತೆಯ 508ನೇ ಸೆಕ್ಷನ್, ದೇವರ ಕೋಪದ ಭಯ ಹುಟ್ಟಿಸುವ ಅಪರಾಧಕ್ಕೆ ಈ ಧರಣಿಯನ್ನೇ ಉದಾಹರಣೆಯಾಗಿ ಕೊಟ್ಟಿತು. ಆಮೇಲೆ ಬಂದವರು ಸಂಬಳದ ದಿನ ಕಾರ್ಖಾನೆಯ ಗೇಟಿನಲ್ಲಿ ಕೋಲು ಹಿಡಿದು ನಿಲ್ಲುತ್ತಿದ್ದ ಪಠಾಣರು. ಹೀಗೆ ಮುತ್ತಿಗೆ ಹಾಕುವುದನ್ನು ಅಪರಾಧವೆಂದು ಸಾರಬೇಕೆಂದು ಕಾರ್ಮಿಕರ ಕುರಿತ ವಿಟ್ಲಿ ಆಯೋಗ 1931ರಲ್ಲಿ ಶಿಫಾರಸು ಮಾಡಿತು.

ಇಂದಿನವನಿಗೆ ಕೋಲೂ ಬೇಡ, ಉಪವಾಸವೂ ಬೇಡ. ಹೊಟ್ಟೆ ತುಂಬ ತಿಂಡಿ ತಿಂದೇ ಫೋನ್ ಹಚ್ಚುತ್ತಾನೆ. ಮನು ಹೇಳಿದ ಐದರಲ್ಲಿ ವ್ಯಾಜ್ಯವೊಂದನ್ನು ಬಿಟ್ಟು ಉಳಿದ ನಾಲ್ಕನ್ನೂ ಒಂದೇ ಕರೆಯಲ್ಲಿ ಮುಗಿಸುತ್ತಾನೆ. ವ್ಯಾಜ್ಯದ ಹೆಸರನ್ನು ಮಾತ್ರ ಧಾರಾಳವಾಗಿ ಬಳಸುತ್ತಾನೆ.

ಅವನು ಕೇಳುವ ಬಾಕಿ ಹುಟ್ಟುವ ಬಗೆಗಳು ಹೆಚ್ಚಿಲ್ಲ. ಒಂದು, ಮಾಲ್‌ನಲ್ಲೋ ಪೆಟ್ರೋಲ್ ಬಂಕ್‌ನಲ್ಲೋ 'ಲೈಫ್‌ಟೈಮ್ ಫ್ರೀ' ಎಂದು ಕೈಗಿತ್ತ ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕ. ಎರಡು, ಪೂರ್ತಿ ತೀರಿದರೂ ಎನ್‌ಒಸಿ ಪಡೆಯದೆ ಬಿಟ್ಟ ಬೈಕ್ ಸಾಲ. ಮೂರು, ಅದೇ ಹೆಸರಿನ ಇನ್ನೊಬ್ಬರ ಸಾಲ. ಬ್ಯಾಂಕಿನಿಂದ ಏಜೆನ್ಸಿಗೆ, ಏಜೆನ್ಸಿಯಿಂದ ಇನ್ನೊಂದು ಏಜೆನ್ಸಿಗೆ ಕೈ ಬದಲಾಗುವಾಗ ಕಾಗದಗಳು ಉದುರುತ್ತ ಹೋಗುತ್ತವೆ, ಬಡ್ಡಿ ಮಾತ್ರ ಉದುರುವುದಿಲ್ಲ.

ಮೊದಲ ಕರೆ ಸಾಮಾನ್ಯವಾಗಿ ಹಿಂದಿಯಲ್ಲಿ ಶುರುವಾಗಿ, ಈ ಕಡೆಯಿಂದ "ಯಾರ್ರೀ ಅದು?" ಎಂದೊಡನೆ ಕನ್ನಡಕ್ಕೆ ಹೊರಳುತ್ತದೆ. "ಸರ್, ಹೆಡ್ ಆಫೀಸಿಂದ ಮಾತಾಡ್ತಾ ಇದೀನಿ. ನಿಮ್ಮ ಫೈಲು ನನ್ನ ಟೇಬಲ್ ಮೇಲೇ ಇದೆ. ಇವತ್ತು ನಾಲ್ಕು ಗಂಟೆಗೆ ಲೀಗಲ್‌ಗೆ ಹೋಗ್ತಾ ಇದೆ, ನಾನೇ ತಡೆದಿದೀನಿ." ನಾಲ್ಕು ಗಂಟೆ ದಿನವೂ ಆಗುತ್ತದೆ, ಫೈಲು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ತಿಂಗಳ ಮೊದಲ ವಾರ 'ಸರ್' ಆಗಿದ್ದವರು ಎರಡನೆಯ ವಾರ 'ಏನ್ರೀ' ಆಗುತ್ತಾರೆ, ಮೂರನೆಯ ವಾರ 'ಏನಯ್ಯಾ'. ಟಾರ್ಗೆಟ್ ಮುಗಿಸಬೇಕಾದ ಕೊನೆಯ ಎರಡು ದಿನ 'ಅಣ್ಣಾ' ಎನಿಸಿಕೊಳ್ಳುತ್ತಾರೆ.

ಅವನ ಲೆಕ್ಕವೂ ಪಂಚಾಂಗದ ಜೊತೆಗೇ ನಡೆಯುತ್ತದೆ. ಉದಾಹರಣೆಗೆ, ಒಬ್ಬ ನಿವೃತ್ತ ಮೇಷ್ಟ್ರ ಹೆಸರಿನಲ್ಲಿ 2011ರ 1,200 ರೂಪಾಯಿ ಕಾರ್ಡ್ ಶುಲ್ಕ ಬಡ್ಡಿ, ದಂಡ, ತೆರಿಗೆ ಸೇರಿ 94,000 ಆಗಿದೆಯೆಂದು ಇಟ್ಟುಕೊಳ್ಳಬಹುದು. ಹತ್ತನೆಯ ತಾರೀಖು 'ಒನ್ ಟೈಮ್ ಸೆಟ್ಲ್‌ಮೆಂಟ್' ಲೆಕ್ಕದಲ್ಲಿ ಅದು 40,000ಕ್ಕೆ ಇಳಿಯುತ್ತದೆ. ಇಪ್ಪತ್ತಕ್ಕೆ 18,000. ಇಪ್ಪತ್ತೆಂಟಕ್ಕೆ, ಮ್ಯಾನೇಜರ ಕಾಲು ಹಿಡಿದು ಒಪ್ಪಿಸಿದ್ದರಿಂದ, 6,000. ಮೂವತ್ತರ ಸಂಜೆ: "ಅಣ್ಣಾ, ಒಂದು ಸಾವಿರ ಆದ್ರೂ ಹಾಕಿ, ಟೋಕನ್ ಅಂತ." ಮರುದಿನ ತಿಂಗಳು ತಿರುಗಿದರೆ ಬಾಕಿ 95,300. ಇಷ್ಟು ಬೇಗ ಇಳಿದು ಇಷ್ಟು ಬೇಗ ಏರುವ ಮೊತ್ತಕ್ಕೆ ಆಧಾರವೇನೆಂದು ಮೇಷ್ಟ್ರು ಕೇಳಿದರೆ, "ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಿದೆ" ಎಂಬುದೇ ಉತ್ತರ.

ಮೇಷ್ಟ್ರು ಬಗ್ಗದಿದ್ದರೆ ಅವರ ಸುತ್ತಲಿನವರ ಸರದಿ. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ, ಹಳೆಯ ಶಾಲೆಯ ಹೆಡ್‌ಮಾಸ್ಟರು, ಮಗಳನ್ನು ಕೊಟ್ಟ ಬೀಗರು ಎಲ್ಲರಿಗೂ 'ಅವರು ಫೋನ್ ಎತ್ತುತ್ತಿಲ್ಲ, ಸ್ವಲ್ಪ ಹೇಳಿ' ಎಂಬ ವಿನಯದ ಕರೆ ಹೋಗುತ್ತದೆ. ನಮ್ಮ ಜನ ಕೋರ್ಟಿಗಿಂತ ಪಕ್ಕದ ಮನೆಯವರಿಗೆ ಹೆಚ್ಚು ಅಂಜುತ್ತಾರೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಆಮೇಲೆ ವಾಟ್ಸ್ಯಾಪಿಗೆ ಕೆಂಪಕ್ಷರದ 'ಅರೆಸ್ಟ್ ವಾರಂಟ್' ಬರುತ್ತದೆ. ಅದರಲ್ಲಿ ತಕ್ಕಡಿಯ ಚಿತ್ರವಿರುತ್ತದೆ, ಮೂರು ಬಗೆಯ ಕಾಗುಣಿತದಲ್ಲಿ ಮೇಷ್ಟ್ರ ಹೆಸರಿರುತ್ತದೆ, ಕೇಸ್ ನಂಬರು ಮಾತ್ರ ಇರುವುದಿಲ್ಲ. ಚೆಕ್ ಬೌನ್ಸ್, ವಂಚನೆಯ ಮಾತು ಬೇರೆ. ಬರೀ ಸಾಲ ಬಾಕಿಯೆಂಬುದು ಸಿವಿಲ್ ವ್ಯಾಜ್ಯ, ಅದಕ್ಕಾಗಿ ಪೊಲೀಸರು ಬೇಡಿ ಹಿಡಿದು ಬರುವುದಿಲ್ಲ.

ನಿಯಮಗಳ ಮಟ್ಟಿಗೆ ಇವನಷ್ಟು ಕಟ್ಟುಪಾಡಿಗೆ ಒಳಗಾದ ಜೀವಿ ಅಪರೂಪ. ಬ್ಯಾಂಕಿನ ವಸೂಲಿ ಏಜೆಂಟನಾಗಲು 100 ಗಂಟೆ, ಪದವೀಧರನಾದರೆ 50 ಗಂಟೆ ತರಬೇತಿ ಪಡೆದು ಪರೀಕ್ಷೆ ಪಾಸಾಗಬೇಕು. ಬ್ಯಾಂಕು ಕೊಟ್ಟ ಅಧಿಕಾರ ಪತ್ರ, ಗುರುತಿನ ಚೀಟಿ ಕೈಯಲ್ಲಿರಬೇಕು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಬಾಕಿಗಾಗಿ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಗ್ರಾಹಕನ ದೂರು ಇತ್ಯರ್ಥವಾಗುವವರೆಗೆ ಆ ಪ್ರಕರಣವನ್ನು ಏಜೆನ್ಸಿಗೆ ಒಪ್ಪಿಸಬಾರದೆಂದು 2008ರ ಸುತ್ತೋಲೆಯೇ ಹೇಳಿತ್ತು. ಪದೇ ಪದೇ ಹುರುಳಿಲ್ಲದ ದೂರು ಕೊಡುವವರಿಗೆ ಈ ರಕ್ಷೆ ಇಲ್ಲ. ನೋಂದಣಿಯಿಲ್ಲದ ಲೇವಾದೇವಿಯವರ ಕಿರುಕುಳಕ್ಕೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆಯನ್ನು ಕರ್ನಾಟಕ 2025ರಲ್ಲಿ ತಂದಿತು.

ಇಷ್ಟಾದರೂ ಅವನು ಸಾವಿರ ರೂಪಾಯಿ ಟೋಕನ್‌ಗೆ ಅಷ್ಟು ಗೋಗರೆಯುವುದೇಕೆಂಬುದಕ್ಕೆ ಉತ್ತರ 1963ರ ಕಾಲಮಿತಿ ಕಾಯ್ದೆಯಲ್ಲಿದೆ. ಇಂಥ ಹಣದ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಗಡುವು. ಗಡುವಿನೊಳಗೆ ಸಾಲಗಾರ ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ, ಅಥವಾ ಸ್ವಲ್ಪ ಹಣ ಕಟ್ಟಿದ್ದು ಅವನದೇ ಬರಹದಲ್ಲೋ ಸಹಿಯಲ್ಲೋ ದಾಖಲಾದರೆ, ಮೂರು ವರ್ಷ ಮತ್ತೆ ಮೊದಲಿನಿಂದ ಶುರು. ಗಡುವು ಮುಗಿದಿದ್ದರೂ, ಕೊಡುತ್ತೇನೆಂದು ಬರೆದು ಸಹಿ ಹಾಕಿದರೆ 1872ರ ಒಪ್ಪಂದ ಕಾಯ್ದೆಯ 25(3)ನೇ ಸೆಕ್ಷನ್ ಆ ಮಾತಿಗೆ ಹೊಸ ಕರಾರಿನ ಬಲ ಕೊಡುತ್ತದೆ. ಸಾಲವೇ ನನ್ನದಲ್ಲ ಎನ್ನುತ್ತಿದ್ದ ಮೇಷ್ಟ್ರು ಪೀಡೆ ತೊಲಗಲೆಂದು ಸಾವಿರ ಕಟ್ಟಿ, 'ಉಳಿದದ್ದನ್ನು ಆಮೇಲೆ ಕೊಡುತ್ತೇನೆ' ಎಂದು ಬರೆದುಕೊಟ್ಟರೆ, ಹದಿನಾಲ್ಕು ವರ್ಷ ಏಜೆನ್ಸಿಗೆ ಸಿಗದಿದ್ದ ಕಾಗದ ಅಂದು ಅವರ ಕೈಯಿಂದಲೇ ಸಿಕ್ಕಂತಾಯಿತು.

ತನ್ನ ಬಳಿ ಕಾಗದವಿಲ್ಲದ್ದರಿಂದಲೇ ಈ ಮನುಷ್ಯನಿಗೆ ಕಾಗದ ಕೇಳಿದರೆ ಆಗದು. ಬೈಗುಳ ಅವನಿಗೆ ಅಭ್ಯಾಸ, ಅಳು ಅವನಿಗೆ ಲಾಭ, ಫೋನ್ ಎತ್ತದಿದ್ದರೂ ಬೇಸರವಿಲ್ಲ. "ಸಹಿ ಮಾಡಿದ ಅರ್ಜಿ, ವರ್ಷವಾರು ಸ್ಟೇಟ್‌ಮೆಂಟು, ಬ್ಯಾಂಕಿನ ಅಧಿಕಾರ ಪತ್ರ ಮೂರನ್ನೂ ಕಳಿಸಪ್ಪ, ನೋಡಿ ಮಾತಾಡೋಣ" ಎಂದರೆ ಮಾತ್ರ ದನಿ ತಗ್ಗುತ್ತದೆ. "ಅದು ಬೇರೆ ಡಿಪಾರ್ಟ್‌ಮೆಂಟು ಸರ್" ಎಂದು ಫೋನ್ ಇಡುತ್ತಾನೆ. ಆ ಹೊತ್ತಿಗೆ ಮೇಷ್ಟ್ರು ಮತ್ತೆ 'ಸರ್' ಆಗಿರುತ್ತಾರೆ.

ಇವನನ್ನು ರಾಕ್ಷಸನೆಂದು ಬಗೆಯುವುದು ತಪ್ಪು. ಹೆಚ್ಚಿನವರು ಸಣ್ಣ ಸಂಬಳ, ವಸೂಲಾದದ್ದರಲ್ಲಿ ಕಮಿಷನ್ ಎಂಬ ಕರಾರಿನ ಮೇಲೆ ದುಡಿಯುವ ಹುಡುಗರು. ಬೈಕಿನ ಕಂತು ಅವರಿಗೂ ಉಂಟು. ಒಂದು ಕಿವಿಯಲ್ಲಿ ಮೇಷ್ಟ್ರನ್ನು ಗದರಿಸುತ್ತಿರುವಾಗಲೇ ಇನ್ನೊಂದು ಮೊಬೈಲಿಗೆ ತನ್ನದೇ ಬಾಕಿಯ ಕರೆ ಬಂದು, "ಅಣ್ಣಾ, ಐದನೇ ತಾರೀಖು ಗ್ಯಾರಂಟಿ" ಎಂದು ಮೆಲ್ಲಗೆ ಹೇಳುವ ವಸೂಲಿಗಾರನೂ ಈ ಜಾತಿಗೇ ಸೇರಿದವನು.

ಇವನನ್ನು ಎದುರಿಸುವವರಿಗೆ ಬೇಕಾದ್ದು ಇಷ್ಟೇ. ಬಾಕಿ ನಿಜವಾಗಿದ್ದರೆ ಬ್ಯಾಂಕಿಗೇ ಹೋಗಿ ಕಟ್ಟಿ, ಲೆಕ್ಕ ಚುಕ್ತಾ ಆದ ಪತ್ರ ಪಡೆದು ಜೋಪಾನ ಮಾಡಬೇಕು. ತಕರಾರಿದ್ದರೆ ಫೋನಿನಲ್ಲಿ ವಾದ ಬೇಡ. ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು, 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬೇಕು. ಅದಕ್ಕೆ ಶುಲ್ಕವಿಲ್ಲ. ಬೆದರಿಕೆ ಮಿತಿ ಮೀರಿದರೆ ಪೊಲೀಸ್ ಠಾಣೆಯಿದೆ. ಎಲ್ಲಕ್ಕಿಂತ ಮೊದಲು, ಯಾವ ಸಾಲದ್ದೆಂದು ತಿಳಿಯದೆ ಒಂದು ರೂಪಾಯಿ ಕಟ್ಟಬಾರದು, ಒಂದು ಸಹಿ ಹಾಕಬಾರದು.