ಹುಬ್ಬಳ್ಳಿ-ಧಾರವಾಡದ ವಾಟ್ನಿ

ಧಾರವಾಡದ ಮಾಳಮಡ್ಡಿಯಲ್ಲಿ ಬೆಳೆದು ಹುಬ್ಬಳ್ಳಿಯ ದಾಜಿಬಾನ ಪೇಟೆಯ ಹುಡುಗಿಯನ್ನು ಮದುವೆಯಾದವನು ಜೀವಮಾನವಿಡೀ ಎರಡೂ ಊರಿನ ವಕೀಲಿ ಮಾಡಬೇಕಾಗುತ್ತದೆ. ಫೀ ಮಾತ್ರ ಯಾರೂ ಕೊಡುವುದಿಲ್ಲ. ಊರಿಂದೂರಿಗೆ ಹೆಚ್ಚೆಂದರೆ 20 ಕಿಲೋಮೀಟರ್. ಜಿಲ್ಲೆ ಒಂದೇ, 1962ರಲ್ಲಿ ಪಾಲಿಕೆಯೂ ಒಂದೇ ಆಯಿತು. ಆದರೂ ನಮ್ಮ ನಿಶ್ಚಯದ ದಿನ ಮಾವನವರು ನಮ್ಮಪ್ಪನಿಗೆ ಕೇಳಿದ ಮೊದಲ ಪ್ರಶ್ನೆ ಇದು: “ನಿಮ್ಮೂರಾಗ ಮಂದಿ ಮಧ್ಯಾಹ್ನ ಮಕ್ಕೊಂತಾರಂತಲ್ರೀ, ಖರೇ ಏನು?” ನಮ್ಮಪ್ಪ ಅಷ್ಟೇ ವಿನಯದಿಂದ, “ಹೌದ್ರೀ ಬೀಗರ. ನಿಮ್ಮೂರಾಗ ರಾತ್ರಿನೂ ಮಕ್ಕೊಳ್ಳೂದಿಲ್ಲಂತ, ರೊಕ್ಕಾ ಎಣಿಸ್ಕೋತ ಕೂಡ್ತಾರಂತ?” ಎಂದರು. ಆಮೇಲೆ ಎಲ್ಲರೂ ಸಮಾಧಾನದಿಂದ ಚಹಾ ಕುಡಿದರು.

ಅವಳಿ ನಗರ ಎಂದು ಸರಕಾರಿ ಕಾಗದ ಹೇಳುತ್ತದೆ. ಆದರೆ ಅವಳಿಗಳಲ್ಲಿ ಇಷ್ಟು ಬೇರೆ ಮುಖ ನಾನು ಕಂಡಿಲ್ಲ. ಧಾರವಾಡದ್ದು ಕೆಂಪು ಮಣ್ಣು, ಮಲೆನಾಡಿನ ಸೆರಗಿನ ಜಿಟಿಜಿಟಿ ಮಳೆ. ಹುಬ್ಬಳ್ಳಿಯದು ಎರೆಮಣ್ಣು, ಹತ್ತಿ-ಮೆಣಸಿನಕಾಯಿ ವ್ಯಾಪಾರ, ಬಿಸಿಲು. ನನ್ನ ಹೆಂಡತಿ ಇಂದಿಗೂ ಧಾರವಾಡದ ಚಪ್ಪಲಿಯನ್ನು ಹುಬ್ಬಳ್ಳಿಯ ಹೊಸ್ತಿಲು ದಾಟಲು ಬಿಡುವುದಿಲ್ಲ. ಕೆಂಪು ಕಲೆ ಹೋಗುವುದಿಲ್ಲವಂತೆ. ಎರೆಮಣ್ಣು ಮೆತ್ತಿದರೆ ಚಪ್ಪಲಿಯೇ ಹೋಗುತ್ತದೆ ಎಂಬುದು ನನ್ನ ಪ್ರತಿವಾದ.

ಅಣ್ಣ ಯಾರು, ತಮ್ಮ ಯಾರು ಎಂಬುದಂತೂ ಇನ್ನೂ ಇತ್ಯರ್ಥವಾಗಿಲ್ಲ. ಹಿಂದಿನಿಂದಲೂ ಆಳುವವರು ಜಗಳ ಬೇಡವೆಂದು ಹಿರಿಯರು ವಾಟ್ನಿ ಮಾಡಿದ ಹಾಗೆ ಹಂಚುತ್ತ ಬಂದಿದ್ದಾರೆ. ಜಿಲ್ಲಾ ಕಚೇರಿ, ವಿಶ್ವವಿದ್ಯಾಲಯ, 1950ರಲ್ಲಿ ಆಕಾಶವಾಣಿ, ಇತ್ತೀಚೆಗೆ ಹೈಕೋರ್ಟ್ ಪೀಠ, ಐಐಟಿ ಎಲ್ಲ ಧಾರವಾಡಕ್ಕೆ. ರೈಲ್ವೆ ವಲಯದ ಕೇಂದ್ರ, ವಿಮಾನ ನಿಲ್ದಾಣ, ಕಿಮ್ಸ್ ಆಸ್ಪತ್ರೆ ಹುಬ್ಬಳ್ಳಿಗೆ. ಒಬ್ಬನಿಗೆ ಪುಸ್ತಕದ ಕಪಾಟು, ಇನ್ನೊಬ್ಬನಿಗೆ ತಿಜೋರಿಯ ಕೀಲಿಕೈ. ಇಬ್ಬರಿಗೂ ಇನ್ನೊಬ್ಬನ ಪಾಲೇ ದೊಡ್ಡದು ಅನ್ನಿಸುತ್ತದೆ.

2023ರಲ್ಲಂತೂ ಇದು ವಿಕೋಪಕ್ಕೆ ಹೋಯಿತು. ಮಾರ್ಚ್‌ನಲ್ಲಿ ಹುಬ್ಬಳ್ಳಿಯ ಸಿದ್ಧಾರೂಢ ನಿಲ್ದಾಣದಲ್ಲಿ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು, 1,507 ಮೀಟರ್. ಮಾವನವರು ಮುಂಜಾನೆಯ ವಾಯುವಿಹಾರವನ್ನೇ ಅಲ್ಲಿಗೆ ವರ್ಗಾಯಿಸುವ ಮಾತಾಡಿದರು. ಜೂನ್‌ನಲ್ಲಿ ಬೆಂಗಳೂರಿನಿಂದ ವಂದೇ ಭಾರತ್ ಶುರುವಾದಾಗ ನೋಡಿದರೆ ಹಲಗೆಯ ಮೇಲೆ ಹೆಸರು ಧಾರವಾಡದ್ದು! “ಪ್ಲಾಟ್‌ಫಾರ್ಮ್ ನಿಮ್ದು, ಗಾಡಿ ನಮ್ದು” ಎಂದು ನಮ್ಮ ತಮ್ಮ ಮಾವನವರಿಗೆ ಫೋನ್ ಮಾಡಿಯೇ ಹೇಳಿದ. ಮುಂದೆ ಬೆಳಗಾವಿಗೂ ಬೇರೊಂದು ವಂದೇ ಭಾರತ್ ಶುರುವಾದಾಗ ಎರಡೂ ಮನೆಯವರು ಬಹಳ ದಿನಗಳ ಮೇಲೆ ಒಂದಾಗಿ ಬೇಸರಪಟ್ಟರು.

ವಾಟ್ನಿಗೆ ಬಗ್ಗದ ಆಸ್ತಿಯೂ ಇದೆ. ಗಂಗೂಬಾಯಿ ಹಾನಗಲ್ಲರನ್ನೇ ತೆಗೆದುಕೊಳ್ಳಿ. ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿ; ಬಾಳಿ ಬದುಕಿ, 2009ರಲ್ಲಿ ಕಣ್ಣುಮುಚ್ಚಿದ್ದು ಹುಬ್ಬಳ್ಳಿಯಲ್ಲಿ; ಹೆಸರಿನಲ್ಲಿರುವ ಊರು ಮೂರನೆಯದು; ಸಂಗೀತ ಕಲಿತದ್ದು ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ. ಯಾವ ಸರ್ವೇಯರ್ ಇದನ್ನು ಅಳೆಯಬೇಕು? ಪೇಢಾದ ಮಾತು ಬೇರೆ. ಅದು ಧಾರವಾಡದ್ದೇ, ಅದರಲ್ಲಿ ರಾಜಿಯಿಲ್ಲ. ಅದನ್ನು ತಂದವರು ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನದವರು ಎಂದು ಹೆಂಡತಿ ನೆನಪಿಸಿದಾಗಲೆಲ್ಲ ನಾನು ಬಾಯಿ ತುಂಬ ಪೇಢಾ ಇಟ್ಟುಕೊಂಡು ಸುಮ್ಮನಿರುತ್ತೇನೆ. ಅವಳ ಕಡೆಯ ಅಸ್ತ್ರ ದುರ್ಗದಬೈಲಿನ ಗಿರ್ಮಿಟ್ ಮತ್ತು ಮಿರ್ಚಿ. ಅದರ ಮುಂದೆ ಧಾರವಾಡ ಸ್ವಲ್ಪ ಮೆತ್ತಗಾಗುತ್ತದೆ. ನಮ್ಮಪ್ಪನ ಎದುರು ಇದನ್ನು ಹೇಳಲಾರೆ.

ಎರಡೂ ಊರನ್ನು ನಿಜವಾಗಿ ಕಟ್ಟಿಹಾಕಿದ್ದು ಪಾಲಿಕೆಯಲ್ಲ, ಬಸ್ಸು. ಕವಿಯ ಹೆಸರು ಹೊತ್ತ ‘ಬೇಂದ್ರೆ’ ಖಾಸಗಿ ಬಸ್ಸುಗಳ ಕಾಲದಲ್ಲಿ ಕವನದ ಒಂದು ಸಾಲೂ ಓದದ ಅರಳೆ ವ್ಯಾಪಾರಿ ಸಹ, “ಒಂದ್ ಬೇಂದ್ರೆ ಹೋತ್ರೀ, ಹಿಂದ ಇನ್ನೊಂದ್ ಬೇಂದ್ರೆ ಖಾಲಿ ಬರ್ತದ” ಎನ್ನುತ್ತಿದ್ದ. ವರಕವಿಗಳು ಸಾಧನಕೇರಿಯಲ್ಲಿ ಕೂತು ಇದನ್ನು ಕೇಳಿದ್ದರೆ ನಕ್ಕೇ ನಗುತ್ತಿದ್ದರು. 2018ರಲ್ಲಿ ತನ್ನದೇ ದಾರಿಯ ಹವಾನಿಯಂತ್ರಿತ ‘ಚಿಗರಿ’ ಬಂತು. ಚಿಗರಿಯ ದಾರಿಗಾಗಿ ಊರಿನ ಮರಗಳೆಷ್ಟೋ ಹೋದವು, ಅದು ನನಗೆ ಇನ್ನೂ ನುಂಗಲಾಗದ ತುತ್ತು. ಆದರೆ ಹುಬ್ಬಳ್ಳಿಯಲ್ಲಿ ಬೆವರಿ ಹತ್ತಿದವನು ಧಾರವಾಡದಲ್ಲಿ ಒಣಗಿ ಇಳಿಯುತ್ತಾನೆ ಎಂಬುದೂ ಸತ್ಯ.

ಹೈದರಾಬಾದ್-ಸಿಕಂದರಾಬಾದ್ ನಡುವೆ ಹುಸೇನ್ ಸಾಗರವಿದೆ. ನಮಗೂ ಉಣಕಲ್ ಕೆರೆಯಿದೆ, ಆದರೆ ಅದು ಹುಬ್ಬಳ್ಳಿಗೇ ಅಂಟಿಕೊಂಡುಬಿಟ್ಟಿದೆ. ಹಾಗಾಗಿ ನಾವು ಗಂಡ-ಹೆಂಡತಿ ಮನೆ ಕಟ್ಟಿದ್ದು ನಡುವಿನ ನವನಗರದಲ್ಲಿ. ಪೊಲೀಸ್ ಕಮಿಷನರ್ ಕಚೇರಿಯೂ ಕಾನೂನು ವಿಶ್ವವಿದ್ಯಾಲಯವೂ ಇಲ್ಲೇ ಇವೆ. ಈ ಎರಡು ಊರಿನ ನಡುವೆ ಕಾನೂನು-ಸುವ್ಯವಸ್ಥೆ ಬೇಕೆಂಬುದು ಸರಕಾರಕ್ಕೂ ಗೊತ್ತಾಗಿರಬೇಕು.

2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಮಹಾನಗರ ಪಾಲಿಕೆ ಮಾಡಲು ಸಚಿವ ಸಂಪುಟ ಒಪ್ಪಿತು. ಧಾರವಾಡದವರ ಬಹು ದಿನಗಳ ಹೋರಾಟ ಅದು, ನ್ಯಾಯವೂ ಹೌದು; ತನ್ನ ಗಟಾರಿನ ಚಿಂತೆ ತಾನೇ ಮಾಡುವುದು ಒಳ್ಳೆಯದು. ಸುದ್ದಿ ಕೇಳಿ ಸಂತೋಷಪಡಬೇಕಾದ ನಮ್ಮಪ್ಪ ಮಾತ್ರ ಪೇಪರ್ ಮಡಚಿಟ್ಟು, “ಇನ್ನ ನಳಾ ಬರಲಿಲ್ಲಂದ್ರ ಹುಬ್ಬಳ್ಳಿಯವ್ರಿಗೆ ಬೈಯಾಕ ಬರೂದಿಲ್ಲಲ್ಲೋ” ಎಂದರು. ಅವರಿಗೆ ಆದ ನಷ್ಟವನ್ನು ಯಾವ ಅಧಿಸೂಚನೆಯೂ ತುಂಬಿಕೊಡುವುದಿಲ್ಲ.

ನೀವು ಈ ಕಡೆ ಬಂದರೆ ಕೋರ್ಟಿನ ಕೆಲಸಕ್ಕೆ ಧಾರವಾಡದ ಹತ್ತಿರ ಇಳಿಯಿರಿ, ಬಟ್ಟೆ ಸಂತೆಗೆ ಹುಬ್ಬಳ್ಳಿಯಲ್ಲಿ. ಯಾವ ಊರು ಚಲೋ ಎಂದು ಮಾತ್ರ ಚಿಗರಿಯೊಳಗೆ ಯಾರನ್ನೂ ಕೇಳಬೇಡಿ. ಉತ್ತರ ಮುಗಿಯುವುದರೊಳಗೆ ನೀವು ಇಳಿಯುವ ನಿಲ್ದಾಣ ದಾಟಿ ಹೋಗಿರುತ್ತದೆ.