ಟೆಲಿಸ್ಕೋಪಿಗೆ ಉಡಿಸಿದ ಪಂಚೆ

ಹುಣ್ಣಿಮೆ ಚಂದ್ರನನ್ನು ಕಂಡು ಮುಖ ಸಿಂಡರಿಸುವ ಗಂಡಸನ್ನು ನೀವು ನೋಡಿಲ್ಲದಿದ್ದರೆ ನಮ್ಮ ಭಾವನನ್ನು ನೋಡಬೇಕು. "ದರಿದ್ರದ್ದು, ಮತ್ತೆ ಬಂತು" ಎಂದು ಕಿಟಕಿಯ ಪರದೆ ಎಳೆಯುತ್ತಾರೆ. ಅವರಿಗೆ ಹಬ್ಬ ಅಂದರೆ ಅಮಾವಾಸ್ಯೆ. ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತು ಸಂಬಳ ದುಡಿದು, ರಾತ್ರಿಯೆಲ್ಲ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಕೂತು ಅದನ್ನು ಕರಗಿಸುವ ಬೆಂಗಳೂರಿನ ಪಂಗಡಕ್ಕೆ ಸೇರಿದವರು ಅವರು. ಕೆಲಸ, ನೀಹಾರಿಕೆಯ ಫೋಟೋ ತೆಗೆಯುವುದು.

ಈ ಸಲದ ಬೇಟೆ ರೋಸೆಟ್ ನೀಹಾರಿಕೆ. ಸುಮಾರು 5,000 ಜ್ಯೋತಿರ್ವರ್ಷ ದೂರದಲ್ಲಿ ಗುಲಾಬಿಯಂತೆ ಅರಳಿಕೊಂಡಿರುವ ಜಲಜನಕದ ಮೋಡ. ಆಕಾಶದಲ್ಲಿ ಚಂದ್ರನ ಎರಡೂವರೆ ಪಟ್ಟು ಅಗಲ ಜಾಗ ಹಿಡಿದಿದ್ದರೂ ಬರಿಗಣ್ಣಿಗೆ ಸೊನ್ನೆ. ಅದು ಹೊಳೆಯುವುದು ಹೇಗೆಂದು ಒಮ್ಮೆ ಊಟದ ಹೊತ್ತಿನಲ್ಲಿ ಭಾವ ವಿವರಿಸಿದರು. ನಡುವೆ ಇರುವ ಎಳೆಯ, ಬಿಸಿ ನಕ್ಷತ್ರಗಳ ಅತಿನೇರಳೆ ಬೆಳಕು ಬಡಿದು ಎಲೆಕ್ಟ್ರಾನು ಮನೆ ಬಿಟ್ಟು ಓಡುತ್ತದೆ. ಆಮೇಲೆ ಯಾವುದೋ ಪರಮಾಣುವಿನ ಮನೆ ಸೇರಿ, ಮೂರನೇ ಮೆಟ್ಟಿಲಿಂದ ಎರಡನೆಯದಕ್ಕೆ ಇಳಿಯುವಾಗ 656.3 ನ್ಯಾನೋಮೀಟರಿನ ಕೆಂಪು ಬೆಳಕು ಹೊರಬೀಳುತ್ತದೆ.

"ಮನೆ ಬಿಟ್ಟು ಹೋದವರು ತಿರುಗಿ ಬಂದರೆ ಮುಖ ಕೆಂಪಗಾಗದೆ ಇನ್ನೇನು" ಎಂದು ಅಕ್ಕ ಸಾರು ಬಡಿಸಿದಳು.

ಬೆಂಗಳೂರಿನ ಬೆಳಕಿನಲ್ಲಿ ಆ ಕೆಂಪನ್ನು ಹಿಡಿಯುವುದೆಂದರೆ ಮದುವೆ ಮನೆಯ ವಾಲಗದ ನಡುವೆ ಪಕ್ಕದ ಬೀದಿಯ ಪಿಸುಮಾತು ಕೇಳಿಸಿಕೊಂಡಂತೆ. ಅದಕ್ಕಾಗಿ ಅದೊಂದೇ ಕೆಂಪನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ತಡೆಯುವ ಫಿಲ್ಟರ್ ಬಂತು. ಬಿಸ್ಕತ್ತಿನಷ್ಟು ಅಗಲದ ಗಾಜು. ಬೆಲೆ ಎಷ್ಟೆಂದು ಅಕ್ಕನಿಗೆ ಇನ್ನೂ ಸರಿಯಾಗಿ ಗೊತ್ತಿಲ್ಲ, ಗೊತ್ತಿರುವ ನಾನು ಬಾಯಿಬಿಡುವುದಿಲ್ಲ. ಇನ್ನು ಯಂತ್ರವನ್ನು ಧ್ರುವ ನಕ್ಷತ್ರಕ್ಕೆ ಗುರಿಯಿಟ್ಟು ನಿಲ್ಲಿಸಬೇಕು. ನಮ್ಮೂರಿನಲ್ಲಿ ಧ್ರುವ ದಿಗಂತದಿಂದ ಏಳುವುದೇ 13 ಡಿಗ್ರಿ. ಅಚಲ ಪದವಿ ಪಡೆದ ಆ ಮಹಾತ್ಮ ಎದುರು ಕಟ್ಟಡದ ಕರಿ ನೀರಿನ ಟ್ಯಾಂಕಿನ ಹಿಂದೆ ಅಚಲವಾಗಿ ಕೂತಿದ್ದಾನೆ. ಕಾಣುವ ನಕ್ಷತ್ರಗಳ ಸಾಕ್ಷಿ ಪಡೆದು ಕಾಣದವನ ವಿಳಾಸ ಪತ್ತೆ ಹಚ್ಚುವ ತಂತ್ರಾಂಶವೊಂದು ಭಾವನ ಬಳಿ ಇದೆ.

ಐದೈದು ನಿಮಿಷದ 48 ಫೋಟೋ ತೆಗೆದು ಒಂದರ ಮೇಲೊಂದು ಪೇರಿಸಿದರೆ ನಾಲ್ಕು ಗಂಟೆಯ ಬೆಳಕು. ಸಾಲದು. ಚಿತ್ರ ಎರಡು ಪಟ್ಟು ಚೊಕ್ಕವಾಗಬೇಕಾದರೆ ನಾಲ್ಕು ಪಟ್ಟು ಹೊತ್ತು, ಅಂದರೆ 16 ಗಂಟೆ ಬೇಕು, ವರ್ಗಮೂಲದ ಲೆಕ್ಕ.

"ನಾಲ್ಕು ಪಟ್ಟು ದುಡಿದರೆ ಎರಡು ಪಟ್ಟು ಫಲ. ನಿಮ್ಮ ಆಫೀಸೇ ವಾಸಿ ಅಲ್ವೇನ್ರೀ?"

ಭಾವ ಇತಿಹಾಸದ ಮೊರೆ ಹೋದರು. 1880ರ ಸೆಪ್ಟೆಂಬರ್ 30ರಂದು ಅಮೆರಿಕದ ಹೆನ್ರಿ ಡ್ರೇಪರ್ ಎಂಬ ವೈದ್ಯ 51 ನಿಮಿಷ ಪ್ಲೇಟನ್ನು ಒಡ್ಡಿ ಮಹಾವ್ಯಾಧದ ನೀಹಾರಿಕೆಯನ್ನು ಹಿಡಿದ. ಜಗತ್ತಿನಲ್ಲಿ ನೀಹಾರಿಕೆಯ ಮೊದಲ ಫೋಟೋ ಅದೇ. "ಅವನ ಕೆಲಸಕ್ಕೆಲ್ಲ ಹೆಂಡತಿ ಆನಾ ಜೊತೆ ನಿಂತು ನೆರವಾಗುತ್ತಿದ್ದಳು, ಗೊತ್ತಾ?" ಎಂದು ಒತ್ತಿ ಹೇಳಿದರು.

"ಭಾರಿ ಶ್ರೀಮಂತರ ಮಗಳಂತೆ ಅವಳು, ನಾನೂ ಓದಿದೀನಿ. ಅಡುಗೆಯವರು ಇದ್ದಿರಬೇಕು."

ನನಗೆ ಅತಿ ಪ್ರಿಯವಾದ ಘಟ್ಟ ಇನ್ನೂ ಮುಂದಿದೆ. ಅಷ್ಟೆಲ್ಲ ಮುಗಿಸಿದ ಮೇಲೆ ಭಾವ ಟೆಲಿಸ್ಕೋಪಿಗೆ ಮುಚ್ಚಳ ಹಾಕಿ ಮೂವತ್ತು ಫೋಟೋ ತೆಗೆಯುತ್ತಾರೆ. ಬರೀ ಕತ್ತಲೆಯ ಫೋಟೋ! ಕ್ಯಾಮೆರಾ ತಾನಾಗಿ ಹುಟ್ಟಿಸುವ ಚುಕ್ಕೆಗಳನ್ನು ಕಂಡುಹಿಡಿದು ಕಳೆಯುವುದಕ್ಕಂತೆ. ಆಮೇಲೆ ನಸುಕಿನಲ್ಲಿ ಕೊಳವೆಯ ಬಾಯಿಗೆ ಬಿಳಿ ಪಂಚೆ ಬಿಗಿದು ಬಾನಿಗೆ ಹಿಡಿದು ಇನ್ನೊಂದು ಮೂವತ್ತು. ಫಿಲ್ಟರಿನ ಮೇಲಿನ ಧೂಳಿನ ನೆರಳು, ಅಂಚಿನ ಮಬ್ಬು ಎಲ್ಲ ಅದರಲ್ಲಿ ಸಿಕ್ಕಿಬೀಳುತ್ತದೆ. ಇದಕ್ಕೆ ಫ್ಲ್ಯಾಟ್ ಎಂದು ಹೆಸರು. ಪಂಚೆ ಮಾತ್ರ ಮದುವೆಯಲ್ಲಿ ನಮ್ಮಪ್ಪ ಕೊಟ್ಟದ್ದು. ಜರಿಯಂಚು ಅಡ್ಡ ಬರದಂತೆ ಮಡಚಿ ಕಟ್ಟಿರುತ್ತಾರೆ. ತುಳಸಿಗೆ ನೀರು ಹಾಕಲು ಬಂದ ಅಕ್ಕನ ಅತ್ತೆ ಒಂದು ದಿನ ನಿಂತು ನೋಡಿ, "ಸಂಧ್ಯಾವಂದನೆಗೆ ನೀನು ಉಡು ಅಂದರೆ ಇದಕ್ಕೆ ಉಡಿಸಿದ್ದೀಯಲ್ಲೋ" ಎಂದು ಕೆಳಗಿಳಿದರು.

ಚಿತ್ರ ತೆಗೆಯಲು ಐದು ರಾತ್ರಿ ಹಿಡಿದರೆ ಸಂಸ್ಕರಿಸಲು ಐದು ವಾರ. ಪೇರಿಸಿದ ಚಿತ್ರ ಮೊದಲು ತೆರೆದಾಗ ಕಪ್ಪು ಹಲಗೆ. ಮಂಕು ಭಾಗವನ್ನು ಮೆಲ್ಲಗೆ ಎಳೆದೆಳೆದು ಬೆಳಗಿಸಬೇಕು. ಕಡಿಮೆ ಎಳೆದರೆ ಹೂ ಕಾಣದು, ಹೆಚ್ಚು ಎಳೆದರೆ ಮರಳು ಚೆಲ್ಲಿದಂತೆ. ಬಣ್ಣದ ವಿಷಯದಲ್ಲಂತೂ ಭಾವ ಸೀರೆ ಅಂಗಡಿಯಲ್ಲಿ ಕೂತ ಹೆಂಗಸರನ್ನು ಮೀರಿಸುತ್ತಾರೆ. ಹಬಲ್ ದೂರದರ್ಶಕದ 1995ರ ಹದ್ದು ನೀಹಾರಿಕೆಯ ಕಂಬಗಳ ಚಿತ್ರದಲ್ಲಿ ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಹಂಚಿದ್ದರು. ಭಾವನದೂ ಅದೇ ಸಂಪ್ರದಾಯ. ಹುಟ್ಟಾ ಕೆಂಪಾದ ಜಲಜನಕಕ್ಕೆ ಹಸಿರು ಬಳಿದು, "ಇದು ಬಣ್ಣ ಹಚ್ಚಿದ್ದಲ್ಲ, ಡೇಟಾ!" ಎಂದು ನಮ್ಮ ಮೇಲೇ ರೇಗುತ್ತಾರೆ.

ಅಂಥ ಒಂದು ರಾತ್ರಿ ಅಕ್ಕ ಹಿಂದೆ ನಿಂತು ಪರದೆ ನೋಡಿದಳು. "ಹಸಿರು ಜಾಸ್ತಿಯಾಯ್ತು. ಅರಿಶಿನಕ್ಕೆ ತಿರುಗಿಸಿ, ನೀಲಿ ಎದ್ದು ಕಾಣುತ್ತೆ." ಭಾವ ಬೆಚ್ಚಿದರು. ಹಸಿರು ತಗ್ಗಿಸಿ ಹೊಂಬಣ್ಣ ತರುವುದೇ ಈ ವಿದ್ಯೆಯ ಒಂದು ಮುಖ್ಯ ಪಟ್ಟು. ಎರಡು ವಾರದಿಂದ ಅವರು ಅದರ ಸುತ್ತಲೇ ತಡಕಾಡುತ್ತಿದ್ದರು.

ಆ ಸಂತೋಷದಲ್ಲಿ ಅಕ್ಕನನ್ನು ತಾರಸಿಗೆ ಕರೆದೊಯ್ದರು. ಹಿಂದೆ ನಾನೂ ಹೋದೆ. ಕಣ್ಣು ಎಲ್ಲಿಡಬೇಕೆಂದು ಅಕ್ಕ ಹುಡುಕಿದಳು. ಕಣ್ಣಿಡುವಲ್ಲಿ ಕ್ಯಾಮೆರಾ ಕೂತಿತ್ತು. "ಹಾಗಾದರೆ ನೀವೂ ಇದರಲ್ಲಿ ಏನೂ ನೋಡಿಲ್ವೇನ್ರೀ?"

ಭಾವ ಉತ್ತರ ಕೊಡಲಿಲ್ಲ. ಕ್ಯಾಮೆರಾ ಕಳಚಿದರು, ಡಬ್ಬಿಯ ತಳದಿಂದ ಐಪೀಸ್ ಹುಡುಕಿ ಹಾಕಿದರು, ಕೊಳವೆಯನ್ನು ಪಕ್ಕದ ಮಹಾವ್ಯಾಧದ ಕಡೆ ತಿರುಗಿಸಿದರು. ಅಕ್ಕ ತುಂಬ ಹೊತ್ತು ಬಗ್ಗಿ ನಿಂತಳು. ಬಣ್ಣವಿಲ್ಲ, ಸಾಂಬ್ರಾಣಿ ಹೊಗೆಯಂಥ ಒಂದು ಬೂದು, ನಡುವೆ ನಾಲ್ಕು ಸಾಸಿವೆ ಕಾಳಿನಂಥ ನಕ್ಷತ್ರ. "ಇದು ಚೆನ್ನಾಗಿದೆ" ಎಂದಳು. ಭಾವನೂ ಬಗ್ಗಿದರು. ಮಾತಿಲ್ಲ.

ಮಾತು ಬಂದದ್ದು ಐದು ನಿಮಿಷದ ಮೇಲೆ: "ಅಯ್ಯೋ! ಕ್ಯಾಮೆರಾ ಕಳಚಿಬಿಟ್ಟೆನಲ್ಲ. ಇವತ್ತಿನ ಫ್ಲ್ಯಾಟ್ ಇನ್ನೂ ತೆಗೆದಿಲ್ಲ! ಧೂಳು, ಕೋನ ಎಲ್ಲ ಬದಲಾಯ್ತು, ಬೆಳಗ್ಗೆ ತೆಗೆದರೂ ಕೂಡಿಬರಲ್ಲ. ಮೊದಲಿಂದ ಶುರು ಮಾಡಬೇಕು. ಪಂಚೆ ಎಲ್ಲಿ?"

"ಒಗೆಯೋಕೆ ಹಾಕಿದೀನಿ" ಎಂದಳು ಅಕ್ಕ, ಐಪೀಸಿನಿಂದ ಕಣ್ಣು ತೆಗೆಯದೆ.